ಹಾಡುತ್ತ ಹುಟ್ಟು ಹಾಕುವವರು

ನಮ್ಮ ಕಡೆಯ ತೆಪ್ಪೋತ್ಸವವನ್ನು ಕಂಡವರಿಗೆ ಅದರ ಕ್ರಮ ಗೊತ್ತು. ನಂಜನಗೂಡಿನಲ್ಲಿ ಕಪಿಲೆಯ ಮೇಲೆ ದೀಪಗಳಿಂದ ಬೆಳಗುವ ತೆಪ್ಪದಲ್ಲಿ ದೇವರು ಬಿಜಯಮಾಡುತ್ತಾನೆ, ವಾದ್ಯದವರು ಊದುತ್ತಾರೆ, ನಾವು ಮೆಟ್ಟಲುಗಳ ಮೇಲೆ ಮಕ್ಕಳ ಕೈ ಹಿಡಿದು ನಿಂತು, ಕಣ್ತುಂಬ ನೋಡಿ, ಕಡಲೆಪುರಿ ಕಟ್ಟಿಸಿಕೊಂಡು ಮನೆಗೆ ಬರುತ್ತೇವೆ. ವಿಹರಿಸುವವನು ದೇವರು, ನೋಡುವವರು ಭಕ್ತರು. ಆದರೆ ದೇವರು ದಡದಲ್ಲಿ ನಿಂತು ನೋಡುವ, ಭಕ್ತರು ನೀರಿಗಿಳಿದು ಹಾಡುವ ಊರೂ ಒಂದುಂಟು. ಅದನ್ನು ನನಗೆ ತಿಳಿಸಿಕೊಟ್ಟವರು ನಮ್ಮ ನೆರೆಮನೆಯ ಹಿರಿಯರು.

ಅವರು ಕೇರಳದಲ್ಲಿ ಪಂಪಾನದಿಯ ದಡದ ಒಂದು ಹಳ್ಳಿಯವರು. 1968ರಲ್ಲಿ ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಬಂದು, ಇಲ್ಲಿಯೇ ಗುಮಾಸ್ತರಾಗಿ, ಇಲ್ಲಿಯೇ ನಿವೃತ್ತರಾದವರು. ವಯಸ್ಸು ಎಪ್ಪತ್ತೈದು ದಾಟಿದೆ. ಸಂಜೆ ಜಗಲಿಯಲ್ಲಿ ಕುಳಿತಾಗ ಅವರ ಬಲಗೈ ಕುರ್ಚಿಯ ತೋಳನ್ನು ಒಂದೇ ಸಮನೆ ತಟ್ಟುತ್ತಿರುತ್ತದೆ. ನನ್ನ ಶ್ರೀಮತಿ ಅದನ್ನು ನಡುಕದ ಕಾಯಿಲೆಯೆಂದೇ ತಿಳಿದು, ಒಂದು ದಿನ ತನಗೆ ಗೊತ್ತಿದ್ದ ವೈದ್ಯರ ಹೆಸರನ್ನೂ ಹೇಳಿಬಿಟ್ಟಳು. ಹಿರಿಯರು ನಕ್ಕರು. “ಕಾಯಿಲೆ ಅಲ್ಲಮ್ಮ, ಇದು ಹುಟ್ಟು ಹಾಕುವ ಲೆಕ್ಕ. ಯೌವನದಲ್ಲಿ ಕಲಿತದ್ದು, ಕೈ ಮರೆಯುವುದಿಲ್ಲ” ಎಂದರು.

2018ರ ಆಗಸ್ಟ್ ತಿಂಗಳಲ್ಲಿ ಪಂಪೆ ಉಕ್ಕಿ ದಡದ ಮನೆಗಳನ್ನೆಲ್ಲ ಹೊಕ್ಕಿದ್ದು ಓದುಗರಿಗೆ ನೆನಪಿರಬಹುದು. ಹಿರಿಯರ ತಂದೆ ಕಟ್ಟಿಸಿದ ಮನೆಯಲ್ಲೂ ಕಿಟಕಿಯವರೆಗೆ ನೀರು ನಿಂತಿತಂತೆ. ಆಮೇಲೆ ಅವರು ಊರಿಗೆ ಹೋಗಿರಲಿಲ್ಲ. ಕಳೆದ ಓಣಂ ಬಂದಾಗ ಮಾತ್ರ, “ಒಂದು ಸಲ ಹೋಗಿಬರಬೇಕು, ನೀವೂ ಬನ್ನಿ” ಎಂದರು. ಅವರ ಮೊಮ್ಮಗನೂ ನಾವಿಬ್ಬರೂ ಜೊತೆಗೂಡಿದೆವು. ಚೆಂಗನ್ನೂರಿನಲ್ಲಿ ರೈಲು ಇಳಿದು, ಅಲ್ಲಿಂದ ಸುಮಾರು ಹತ್ತು ಕಿಲೋಮೀಟರು ಹೋದರೆ ಆರನ್ಮುಳ.

ಆ ಊರಿನ ಹೆಸರಿನಲ್ಲೇ ಒಂದು ತೆಪ್ಪವಿದೆ. ಮಲೆಯಾಳದಲ್ಲಿ ‘ಮುಳ’ ಎಂದರೆ ಬಿದಿರು. ಆರು ಬಿದಿರುಗಳ ತೆಪ್ಪದ ಮೇಲೆ ದೇವರ ವಿಗ್ರಹ ಬಂದಿತು, ಆದ್ದರಿಂದ ಆರನ್ಮುಳ ಎಂದು ಐತಿಹ್ಯ. ದೇವರು ಪಾರ್ಥಸಾರಥಿ. ಪ್ರತಿಷ್ಠೆ ಮಾಡಿದವನು ಅರ್ಜುನನೇ ಎಂದು ಅಲ್ಲಿಯವರ ನಂಬಿಕೆ. ಗುಡಿಯ ಉತ್ತರದ ಬಾಗಿಲಿನಿಂದ ಐವತ್ತೇಳು ಮೆಟ್ಟಲಿಳಿದರೆ ಪಂಪೆ. ರಥ ನಡೆಸಿದ ಸ್ವಾಮಿಗೆ ಈ ಊರಿನವರು ದೋಣಿ ನಡೆಸಿ ತೋರಿಸುತ್ತಾರೆ.

ಉತ್ಸವದ ಮೂಲವನ್ನು ಹೀಗೆ ಹೇಳುತ್ತಾರೆ. ಕಾಟ್ಟೂರಿನಲ್ಲಿ ಮಂಗಾಟ್ಟು ಭಟ್ಟತಿರಿ ಎಂಬ ಬ್ರಾಹ್ಮಣನಿದ್ದ. ಶ್ರವಣ ನಕ್ಷತ್ರದ ದಿನ ಒಬ್ಬ ಅತಿಥಿಗೆ ಊಟವಿಕ್ಕದೆ ತಾನು ಉಣ್ಣುತ್ತಿರಲಿಲ್ಲ. ಒಮ್ಮೆ ಯಾರೂ ಬರಲಿಲ್ಲ. ಅವನು ದೇವರಲ್ಲಿ ಮೊರೆಯಿಡಲು ಒಬ್ಬ ಹುಡುಗ ಬಂದು ಉಂಡು ಹೋದ. ಬಂದವನು ಪಾರ್ಥಸಾರಥಿಯೇ ಎಂದು ಆಮೇಲೆ ಕನಸಿನಲ್ಲಿ ತಿಳಿಯಿತು. ಅಂದಿನಿಂದ ಓಣಂ ಹಬ್ಬದ ಅಡಿಗೆಯ ಸಾಮಗ್ರಿಯನ್ನು ದೋಣಿಯಲ್ಲಿ ತುಂಬಿ ದೇವಸ್ಥಾನಕ್ಕೆ ಕಳುಹಿಸುವ ಪದ್ಧತಿ ಬೆಳೆಯಿತು. ಒಮ್ಮೆ ಹಗೆಗಳು ಆ ದೋಣಿಯನ್ನು ಅಡ್ಡಗಟ್ಟಿದಾಗ ಎರಡು ದಡದ ಹಳ್ಳಿಗರೂ ತಮ್ಮ ದೋಣಿಗಳನ್ನು ನೀರಿಗೆ ತಳ್ಳಿ ಅದನ್ನು ಕಾಪಾಡಿದರಂತೆ. ಆ ಕಾವಲಿನ ನೆನಪೇ ಇಂದಿನ ‘ಪಳ್ಳಿಯೋಡ’ಗಳು. ಭಟ್ಟತಿರಿಯ ವಂಶದವರು ಕೋಟ್ಟಯಂ ಬಳಿಯ ಕುಮಾರನಲ್ಲೂರಿಗೆ ಹೋಗಿ ನೆಲೆಸಿದ್ದರೂ, ಇಂದಿಗೂ ಓಣಂಗೆ ಅಲ್ಲಿಂದ ಜಲಮಾರ್ಗದಲ್ಲೇ ಬರುತ್ತಾರೆ. ತಿರುವೋಣದಿಂದ ನಾಲ್ಕನೆಯ ದಿನ, ಉತ್ತರಾಭಾದ್ರಾ ನಕ್ಷತ್ರದಂದು, ಜಲೋತ್ಸವ.

ನಾವು ದಡ ಸೇರಿದಾಗ ಮಧ್ಯಾಹ್ನ. ದಡದುದ್ದಕ್ಕೂ ಕೊಡೆಗಳು, ಕೊಡೆಗಳ ಕೆಳಗೆ ಸಂಸಾರಗಳು. ಮೊದಲು ಕೇಳಿಸಿದ್ದು ಹಾಡು. ಆಮೇಲೆ ಕಾಣಿಸಿದ್ದು ದೋಣಿ. ನದಿಯ ತಿರುವಿನಿಂದ ಹೆಡೆಯೆತ್ತಿದ ಸರ್ಪದ ಹಾಗೆ ಒಂದು ಹಿಂಬದಿಯ ಕೊಂಬು ಎದ್ದುಬಂತು. ಅದರ ಬೆನ್ನಿಗೆ ಮತ್ತೊಂದು, ಮಗದೊಂದು. ಒಂದೊಂದು ದೋಣಿಯೂ ಒಂದೊಂದು ಕರೆಯ, ಎಂದರೆ ದಡದ ಹಳ್ಳಿಯ ಸೊತ್ತು. ನೂರು ಅಡಿಗೂ ಮಿಕ್ಕ ಉದ್ದ; ನಡುವೆ ಬಣ್ಣದ ಮುತ್ತುಕೊಡೆಗಳು; ಬಿಳಿಯ ಪಂಚೆಯುಟ್ಟು ಬರಿಗಾಲಿನಲ್ಲಿ ಏರಿದ ಸುಮಾರು ನೂರು ಜನ. ಹಿಂಬದಿಯ ಎತ್ತರದಲ್ಲಿ ನಿಂತ ನಾಲ್ವರು ಉದ್ದನೆಯ ಹುಟ್ಟುಗಳಿಂದ ದಿಕ್ಕು ಹಿಡಿಯುತ್ತಾರೆ. ಎರಡು ಮಗ್ಗುಲಲ್ಲೂ ಹುಟ್ಟು ಹಾಕುವವರು ಕುಳಿತಿರುತ್ತಾರೆ. ನಡುವೆ ಹಾಡುಗಾರರು.

ಹಾಡುಗಾರರನ್ನು ಅಲಂಕಾರಕ್ಕೆ ಕೂರಿಸಿಕೊಂಡಿದ್ದಾರೆಂದು ನಾನು ತಿಳಿದಿದ್ದೆ. ಹಿರಿಯರು ತಿದ್ದಿದರು. “ಸಾರ್, ಅರವತ್ತು ಹುಟ್ಟು ಒಟ್ಟಿಗೆ ನೀರಿಗೆ ಬೀಳಬೇಕು, ಒಟ್ಟಿಗೆ ಏಳಬೇಕು. ಒಬ್ಬ ಮುಂದಾದರೆ ಅವನ ಹುಟ್ಟು ಪಕ್ಕದವನ ಹುಟ್ಟಿಗೆ ತಾಗುತ್ತದೆ, ದೋಣಿ ಓಲಾಡುತ್ತದೆ. ಅಷ್ಟು ಜನಕ್ಕೆ ‘ಈಗ ಎಳೆಯಿರಿ’ ಎಂದು ಯಾರು ಹೇಳಬೇಕು? ಹಾಡು ಹೇಳುತ್ತದೆ.” ಈ ‘ವಂಚಿಪ್ಪಾಟ್ಟು’ಗಳ, ಎಂದರೆ ದೋಣಿಹಾಡುಗಳ, ಛಂದಸ್ಸಿಗೆ ‘ನತೋನ್ನತ’ವೆಂದು ಹೆಸರು. ಬಾಗುವುದು, ಏಳುವುದು: ಹುಟ್ಟು ಹಾಕುವವನ ಬೆನ್ನನ್ನು ನೋಡಿಯೇ ಆ ಹೆಸರಿಟ್ಟ ಹಾಗಿದೆ. ಮುಖ್ಯ ಹಾಡುಗಾರ ಒಂದು ಸಾಲು ಎತ್ತಿಕೊಡುತ್ತಾನೆ. ನೂರು ಕಂಠ ಅದನ್ನು ಹಿಂದಿರುಗಿಸುತ್ತದೆ. ಆ ಹಿಂದಿರುಗುವಿಕೆಯ ಮೇಲೆ ದೋಣಿ ಜಾರುತ್ತದೆ.

ಈ ಹಾಡುಗಳಲ್ಲಿ ಬಹು ಪ್ರಸಿದ್ಧವಾದುದು ಹದಿನೆಂಟನೆಯ ಶತಮಾನದ ರಾಮಪುರತ್ತು ವಾರಿಯರ್ ಕವಿಯ ‘ಕುಚೇಲವೃತ್ತ’. ಬಡಕವಿ ದೊರೆ ಮಾರ್ತಾಂಡವರ್ಮನ ಜೊತೆ ವೈಕ್ಕಂನಿಂದ ತಿರುವನಂತಪುರಕ್ಕೆ ದೋಣಿಯಲ್ಲಿ ಹೋಗುವಾಗ ಅದನ್ನು ಕಟ್ಟಿದನೆಂದೂ, ಬೇಡದೆಯೇ ಬೇಡಿದ ಕುಚೇಲನ ಕಥೆಯನ್ನು ಕೇಳಿ ದೊರೆಗೆ ಕವಿಯ ಸ್ಥಿತಿ ತಿಳಿಯಿತೆಂದೂ, ಕವಿ ಮನೆಗೆ ಮರಳಿದಾಗ ಗುಡಿಸಲಿದ್ದಲ್ಲಿ ಮನೆಯೇ ಎದ್ದಿತ್ತೆಂದೂ ಪ್ರತೀತಿ. ಆರನ್ಮುಳದಲ್ಲಿ ಇಂದಿಗೂ ಬೇಡುವುದೆಲ್ಲ ಹಾಡಿನಲ್ಲಿಯೇ. ಹರಕೆ ಹೊತ್ತವರು ದೋಣಿಯವರಿಗೆ ‘ವಳ್ಳಸದ್ಯ’ ಎಂಬ ಔತಣ ಮಾಡಿಸುತ್ತಾರೆ. ಅರವತ್ತಕ್ಕೂ ಹೆಚ್ಚು ಬಗೆ. ಉಣ್ಣುವವರು ಬೇಕಾದುದನ್ನು ಹಾಡಿ ಕೇಳುತ್ತಾರೆ. ಹಾಡಿ ಕೇಳಿದ್ದನ್ನು ಇಲ್ಲವೆನ್ನಬಾರದು. ಇದನ್ನು ಕೇಳಿದ ಮೇಲೆ ಮನೆಯಲ್ಲಿ ಕಾಫಿಯನ್ನು ಹಾಡಿ ಕೇಳೋಣವೇ ಎಂದು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಶ್ರೀಮತಿ, “ದೋಣಿಯಲ್ಲಿ ಹೆಂಗಸರೇ ಇಲ್ಲವಲ್ಲ?” ಎಂದಳು. ಪಳ್ಳಿಯೋಡಕ್ಕೆ ಹೆಂಗಸರು ಏರುವ ಪದ್ಧತಿಯಿಲ್ಲವೆಂದು ಹಿರಿಯರು ತುಸು ಸಂಕೋಚದಿಂದಲೇ ಹೇಳಿದರು. ಆಲಪ್ಪುಳದ ಪಂದ್ಯದಲ್ಲಿ ಹೆಂಗಸರಿಗೂ ದೋಣಿಗಳಿವೆ ಎಂದು ಸೇರಿಸಿದರು. “ಹಾಗಾದರೆ ನಾನು ಅಲ್ಲಿಗೇ ಹೋಗಬೇಕಿತ್ತು” ಎಂದಳು ಈಕೆ. ಉತ್ತರ ಯಾರಲ್ಲೂ ಇರಲಿಲ್ಲ.

ಆಲಪ್ಪುಳದ ಪಂದ್ಯದ ರೀತಿ ಬೇರೆ. 1952ರಲ್ಲಿ ಅಲ್ಲಿ ದೋಣಿಗಳ ಓಟವನ್ನು ಕಂಡ ನೆಹರೂ ಉತ್ಸಾಹ ತಡೆಯಲಾರದೆ ಗೆದ್ದ ದೋಣಿಯನ್ನೇ ಏರಿಬಿಟ್ಟರು. ಮುಂದೆ ಬೆಳ್ಳಿಯ ದೋಣಿಯೊಂದನ್ನು ಬಹುಮಾನವಾಗಿ ಕಳುಹಿಸಿದರು. ಅಲ್ಲಿ ವೇಗವೇ ದೊರೆ. ಆರನ್ಮುಳದಲ್ಲೂ ಪಂದ್ಯವಿದೆ, ಬಹುಮಾನವಿದೆ. ಗೆಲ್ಲಬೇಕೆಂಬ ಹಟಕ್ಕೂ ಕೊರತೆಯಿಲ್ಲ. ವೇಗದ ಹಂಬಲದಲ್ಲಿ ಹಾಡು ಸೊರಗೀತೆಂಬ ಭಯ ಹಿರಿಯರಿಗೆ. “ಬೇಗ ಹೋಗಲು ಮೋಟಾರಿದೆಯಲ್ಲ, ಸಾರ್” ಎಂದು ಅವರು ಮೆಲ್ಲನೆ ಹೇಳಿದರು.

ಅಷ್ಟರಲ್ಲಿ ಅವರ ಊರಿನ ದೋಣಿ ಬಂತು. ಹಿರಿಯರು ಎದ್ದು ನಿಂತರು. ಕುರ್ಚಿಯ ತೋಳನ್ನು ತಟ್ಟುತ್ತಿದ್ದ ಕೈ ಈಗ ಮೊಮ್ಮಗನ ಭುಜವನ್ನು ತಟ್ಟುತ್ತಿತ್ತು. ದೋಣಿಯವರ ಸಾಲಿಗೆ ಇವರೂ ದನಿಗೂಡಿಸಿದರು. ಎರಡನೆಯ ಸಾಲಿಗೆ ಉಸಿರು ಸಾಲದೆ ದನಿ ನಿಂತಿತು, ಕೈ ನಿಲ್ಲಲಿಲ್ಲ. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ಹುಡುಗನಿಗೆ ಆ ಹಾಡಿನ ಒಂದು ಪದವೂ ಬಾರದು. ಚಿತ್ರ ತೆಗೆಯಲೆಂದು ಎತ್ತಿ ಹಿಡಿದಿದ್ದ ಫೋನನ್ನು ಅವನು ಜೇಬಿಗಿಳಿಸಿ, ತಾತನ ಕೈ ಕೆಳಗೆ ಅಲುಗದೆ ನಿಂತ.

ಆ ದೋಣಿ ಮೊದಲು ಗುರಿ ಮುಟ್ಟಲಿಲ್ಲ. ಹಿರಿಯರ ಕಣ್ಣು ಅಷ್ಟು ದೂರ ಕಾಣದು, ಅವರು ಮೊಮ್ಮಗನನ್ನು ಕೇಳಿದ್ದು ಒಂದೇ ಮಾತು: “ಹಾಡು ಕೊನೆಯವರೆಗೂ ಇತ್ತೇ?”

“ಇತ್ತು ತಾತ.”

“ಸರಿ, ಸಾಕು” ಎಂದು ಕುಳಿತರು.

ನಮ್ಮ ಅಜ್ಜಿಯರು ರಾಗಿ ಬೀಸುವಾಗ ಹಾಡುತ್ತಿದ್ದರು, ನಾಟಿ ಹಾಕುವಾಗ ಹಾಡುತ್ತಿದ್ದರು. ಹಾಡಿಲ್ಲದೆ ಕೆಲಸ ಸಾಗುತ್ತಿರಲಿಲ್ಲ. ಕೆಲಸವಿಲ್ಲದೆ ಹಾಡು ಹುಟ್ಟುತ್ತಿರಲಿಲ್ಲ. ಇಂದು ನಮ್ಮ ಮನೆಗಳಲ್ಲಿ ಯಂತ್ರ ಬೀಸುತ್ತದೆ, ಯಂತ್ರವೇ ಹಾಡುತ್ತದೆ; ನಾವು ನಡುವೆ ಕುಳಿತಿದ್ದೇವೆ. ಬೀಸುವ ಕಲ್ಲನ್ನು ಮರಳಿ ತನ್ನಿರೆಂದು ನಾನು ಹೇಳಲಾರೆ. ಹೇಳಿದರೆ ಮೊದಲು ಬೀಸಬೇಕಾದವನು ನಾನೇ ಎಂದು ಶ್ರೀಮತಿ ಆಗಲೇ ಎಚ್ಚರಿಸಿದ್ದಾಳೆ. ಆದರೆ ಹಾಡು ಎಂಬುದು ಕುಳಿತು ಕೇಳುವ ವಸ್ತು ಮಾತ್ರವಲ್ಲ, ನೂರು ಜನ ಒಟ್ಟಾಗಿ ಒಂದು ಭಾರವನ್ನು ಎಳೆಯುವ ಹಗ್ಗವೂ ಹೌದು ಎಂಬುದನ್ನು ಪಂಪೆಯ ದಡದಲ್ಲಿ ಕಂಡೆ.

ಹಿರಿಯರು ಈಗಲೂ ಸಂಜೆ ಜಗಲಿಯಲ್ಲಿ ಕುಳಿತು ಕುರ್ಚಿಯ ತೋಳನ್ನು ತಟ್ಟುತ್ತಾರೆ. ನಮ್ಮ ಮನೆಯಲ್ಲಿ ಯಾರೂ ಅದನ್ನು ಈಗ ಕಾಯಿಲೆಯೆನ್ನುವುದಿಲ್ಲ.