ಪೈರು ಕಟ್ಟಿಕೊಟ್ಟ ಮನೆ

ಬಳ್ಳಾರಿಯ ಬೀದಿಬದಿಯ ಹೊಂಗೆಯ ಎಲೆಯನ್ನು ಕಿತ್ತು ನೋಡಿದ ವಾಚಕರಿಗೆ, ಅದರ ಮೇಲೆ ಸಣ್ಣ ಬೆರಳುಗಳಂತೆ ಎದ್ದುನಿಂತ ಗಂಟುಗಳು ಕಂಡಿರಬಹುದು. ಇವು ಕಾಯಿಗಳಲ್ಲ, ಮೊಗ್ಗುಗಳೂ ಅಲ್ಲ. ಬರಿಗಣ್ಣಿಗೆ ಕಾಣದಷ್ಟು ಸಣ್ಣವಾದ ನುಸಿಗಳಿಗಾಗಿ ಎಲೆಯು ತಾನೇ ಕಟ್ಟಿಕೊಟ್ಟ ಮನೆಗಳು. ಶೀತದೇಶಗಳ ವಿಲೋ ಮರದಲ್ಲಿ ಗರಗಸನೊಣವೆಂಬ ಕೀಟವು ಇದೇ ಬಗೆಯ ಉಪಾಯವನ್ನು ಹೂಡುತ್ತದೆ. ತಾಯಿಯು ಗರಗಸದಂತಹ ಅಂಗದಿಂದ ಎಲೆಯನ್ನು ಸೀಳಿ ಮೊಟ್ಟೆಯಿಡುವಾಗ ಒಂದು ರಸವನ್ನೂ ಸೇರಿಸುತ್ತದೆ. ಅದರಿಂದಲೇ, ಮರಿಯು ಹೊರಬರುವುದಕ್ಕೆ ಮೊದಲೇ, ಎಲೆಯು ಉಬ್ಬಿ ಅವರೆಕಾಳಿನಂತಹ ಗಂಟಾಗುತ್ತದೆ. ಮರಿಗೆ ಅದೇ ಮನೆ, ಅದೇ ಊಟ.

ಮರಕ್ಕೆ ಇದರಿಂದಾಗುವ ನಷ್ಟವು ಸಾಮಾನ್ಯವಾಗಿ ಅಲ್ಪವೇ. ಆದರೆ ಇಂಥ ಮನೆಯು ಭತ್ತದ ಸುಳಿಯಲ್ಲಿ ಎದ್ದರೆ ಗತಿಯೇನು?

1953ರಲ್ಲಿ ತುಂಗಭದ್ರೆಯ ಅಣೆಕಟ್ಟು ಮುಗಿದ ಬಳಿಕ ಸಿರುಗುಪ್ಪ, ಕುರುಗೋಡುಗಳ ಬಯಲಿಗೆ ಕಾಲುವೆಯ ನೀರು ಹರಿದು ಭತ್ತದ ಬೇಸಾಯವು ಹೆಚ್ಚಿತು. ಭತ್ತವಿದ್ದಲ್ಲಿ ಕಣೆ ನೊಣದ ಭಯವೂ ಉಂಟಷ್ಟೆ. ಸೊಳ್ಳೆಯನ್ನು ಹೋಲುವ ಈ ಕೀಟವು ರಾತ್ರಿಯಲ್ಲಿ ಎಲೆಗಳ ಮೇಲೆ ಮೊಟ್ಟೆಯಿಡುತ್ತದೆ. ಮರಿಹುಳುವು ಇಬ್ಬನಿಯ ತೇವದಲ್ಲಿ ತೆವಳುತ್ತ ಕೆಳಗಿಳಿದು, ಸುಳಿಯನ್ನು ಸೇರಿ ಅಲ್ಲಿಯೇ ಮೇಯತೊಡಗುತ್ತದೆ. ಆಗ ಎಲೆಯ ಬುಡದ ಒರೆಯು ಉಳ್ಳಾಗಡ್ಡಿಯ ಎಲೆಯಂತೆ ಪೊಳ್ಳಾದ, ಬೆಳ್ಳಿಬಣ್ಣದ ಕೊಳವೆಯಾಗಿ ಬೆಳೆಯುತ್ತದೆ. ಇದೇ ಕಣೆ. ಕಣೆಯಾದ ತೆಂಡೆಯು ತೆನೆಯನ್ನು ಬಿಡದು.

ಇಲ್ಲಿ ಒಂದು ಮಾತನ್ನು ರೈತರ ಮನೆಯವರು ಮನಸ್ಸಿನಲ್ಲಿಡಬೇಕು. ಕಣೆಯು ಕಣ್ಣಿಗೆ ಬೀಳುವ ಹೊತ್ತಿಗೆ ಒಳಗಿನ ಹುಳುವು ಮೇಯುವುದನ್ನು ಮುಗಿಸಿ ಕೋಶಾವಸ್ಥೆಗೆ ಬಂದಿರುತ್ತದೆ. ಕೊಳವೆಯ ತುದಿಯ ಬಳಿ ಸಣ್ಣ ರಂಧ್ರವಿದ್ದರೆ ನೊಣವು ಹಾರಿಹೋಯಿತೆಂದೇ ತಿಳಿಯತಕ್ಕದ್ದು. ಆಗ ಸಾಲಮಾಡಿ ಕೀಟನಾಶಕವನ್ನು ಸಿಂಪಡಿಸಿದರೂ ಹೋದ ತೆಂಡೆಯು ಮರಳದು. ಅಷ್ಟೇ ಅಲ್ಲ, ಆ ಹುಳುವಿನ ಒಡಲಿನಲ್ಲಿಯೇ ಬೆಳೆದು ಅದನ್ನು ಕೊಲ್ಲುವ ಸಣ್ಣ ಕಪ್ಪು ಕಣಜಗಳುಂಟು. ನಮ್ಮ ಆ ಮಿತ್ರರೂ ವಿಷಕ್ಕೆ ಬಲಿಯಾಗಬಹುದು.

ಆದುದರಿಂದ ಉಪಾಯವೆಲ್ಲವೂ ಮುಂಚಿತವಾಗಿಯೇ ನಡೆಯಬೇಕು. ನಾಟಿಯನ್ನು ತಡಮಾಡಬಾರದು. ಗದ್ದೆಯಲ್ಲಿ ಕೂಳೆಯನ್ನೂ ಬದುವಿನಲ್ಲಿ ಕಾಡುಭತ್ತವನ್ನೂ ಉಳಿಸಬಾರದು. ಬೆಳೆಯಿಲ್ಲದ ಕಾಲದಲ್ಲಿ ಕೀಟಕ್ಕೆ ಅವೇ ಆಶ್ರಯ. ಈ ಕೀಟವನ್ನು ತಡೆಯಬಲ್ಲ ತಳಿಗಳೂ ಉಂಟು. ಬೀಜವನ್ನು ಕೊಳ್ಳುವ ಮುನ್ನವೇ ಸಿರುಗುಪ್ಪದ ಕೃಷಿ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸುವುದು ಲೇಸು.

ಊರು ಸೂರೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೆಂಬ ಗಾದೆಯನ್ನು ಕೋಟೆಯ ಊರಾದ ಬಳ್ಳಾರಿಯವರಿಗೆ ಹೇಳಿಕೊಡಬೇಕಾಗಿಲ್ಲ. ಗದ್ದೆಗೂ ಆ ಮಾತು ಸಲ್ಲುತ್ತದೆ.