ಪುಟ ತುಂಬಿಸುವುದು ಸಹಾಯವಲ್ಲ

ಸಂಜೆ ಹೋಂವರ್ಕಿನ ಹೊತ್ತಿಗೆ ನಮ್ಮ ಮನೆಗಳಲ್ಲಿ ಮೂರು ದಾರಿಗಳಿವೆ. ಗೈಡು ನೋಡಿ ನಕಲು ಮಾಡುವುದು, ಮೊಬೈಲಿಗೆ ಪ್ರಶ್ನೆ ಹಾಕಿ ಬಂದದ್ದನ್ನು ಇಳಿಸಿಕೊಳ್ಳುವುದು, ಇಲ್ಲವೇ ಅಮ್ಮ ಹೇಳಿದ್ದನ್ನು ಮಗು ಬರೆಯುವುದು. ಮೂರರಲ್ಲೂ ಪುಟ ತುಂಬುತ್ತದೆ, ಕೆಂಪು ಶಾಯಿಯ ಸಹಿಯೂ ಬೀಳುತ್ತದೆ. ಗಣಿತದಲ್ಲಾದರೆ ಮುಂದಿನ ಲೆಕ್ಕಕ್ಕೇ ಬಣ್ಣ ಬಯಲಾಗುತ್ತದೆ. ಕನ್ನಡದಲ್ಲಿ, ಸಮಾಜ ವಿಜ್ಞಾನದಲ್ಲಿ ಹತ್ತನೇ ತರಗತಿಯವರೆಗೂ ಹೀಗೇ ದೂಡಬಹುದು.

ವ್ಯಾಕರಣವನ್ನೇ ನೋಡಿ. ಲೋಪ, ಆಗಮ, ಆದೇಶ ಎಂದು ಉರು ಹೊಡೆಯುವ ಮಗು ಈ ಮೂರನ್ನೂ ಶಾಲೆಗೆ ಸೇರುವ ಮೊದಲೇ ಬಳಸುತ್ತಿತ್ತು. ಮಳೆಯೂ ಕಾಲವೂ ಸೇರಿದರೆ ಮಳೆಗಾಲ ಎಂದು ಅದಕ್ಕೆ ಯಾರೂ ಕಲಿಸಿರಲಿಲ್ಲ. ‘ಊರು’, ‘ಅಲ್ಲಿ’ ಕೂಡಿಸಿ ಜೋರಾಗಿ ಹೇಳು ಅನ್ನಿ. ‘ಮನೆ’, ‘ಅನ್ನು’ ಕೂಡಿಸು ಅನ್ನಿ. ಯಾವ ಸ್ವರ ಬಿತ್ತು, ಯಾವ ಅಕ್ಷರ ಹೊಸದಾಗಿ ಬಂತು ಎಂದು ಕೇಳಿ. ನಿಯಮ ಅದರ ಬಾಯಲ್ಲೇ ಇದೆ, ಸಂಧಿಯ ಹೆಸರನ್ನು ಆಮೇಲೆ ಕೊಟ್ಟರಾಯಿತು.

ಇತಿಹಾಸಕ್ಕೆ ಬೇರೆ ಬಗೆಯ ನೆರವು ಬೇಕು. ತಕ್ಕೋಲಂ ಕದನ, 949, ಚೋಳ ರಾಜಾದಿತ್ಯನ ಮರಣ: ಗೈಡಿನಲ್ಲಿ ಇದು ಒಂದಂಕದ ಉತ್ತರ. ಅದೇ ಕದನವನ್ನು ಹೇಳುವ ಮದ್ದೂರು ತಾಲ್ಲೂಕಿನ ಆತಕೂರು ಶಾಸನದಲ್ಲಿ ಒಂದು ನಾಯಿಯ ಕಥೆಯೂ ಇದೆ. ಶೌರ್ಯ ಮೆಚ್ಚಿ ಏನು ಬೇಕೆಂದು ಕೇಳಿದ ಗಂಗರ ದೊರೆ ಬೂತುಗನಲ್ಲಿ ಯೋಧ ಮಣಲೇರ ಬೇಡಿದ್ದು ‘ಕಾಳಿ’ ಎಂಬ ಬೇಟೆನಾಯಿಯನ್ನು. ಕಾಳಿ ದೊಡ್ಡ ಹಂದಿಯೊಂದರ ಜೊತೆ ಸೆಣಸಿ, ಅದನ್ನೂ ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿದರು. ಈ ಕಥೆ ಕೇಳಿದ ಮಗು ಇಸವಿಯನ್ನು ಬೇರೆಯಾಗಿ ಬಾಯಿಪಾಠ ಮಾಡಬೇಕಿಲ್ಲ. ನಿಮ್ಮೂರಿನ ಗುಡಿ ಪಕ್ಕದಲ್ಲೋ ಕೆರೆ ಏರಿಯ ಮೇಲೋ ವೀರಗಲ್ಲು ಇದ್ದರೆ ಕರೆದೊಯ್ದು ತೋರಿಸಿ. ಸಾಮಾನ್ಯವಾಗಿ ಕೆಳಗೆ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಶಿವಸನ್ನಿಧಿ ಇರುತ್ತದೆ. ಯಾರ ದನಕ್ಕಾಗಿ, ಯಾವ ಊರಿಗಾಗಿ ಸತ್ತ ಎಂಬ ಪ್ರಶ್ನೆಯನ್ನು ಮಗುವೇ ಕೇಳುತ್ತದೆ.

ಸಾಹಿತ್ಯಕ್ಕಂತೂ ಕಿವಿಯೇ ಮೊದಲ ಮೇಷ್ಟ್ರು. ಕುಮಾರವ್ಯಾಸನ ಭಾಮಿನಿ ಷಟ್ಪದಿಗೆ ಲಘು-ಗುರು ಹಾಕಲು ಪೆನ್ಸಿಲ್ ಹಿಡಿಯುವ ಮುಂಚೆ ಪದ್ಯವನ್ನು ಎರಡು ಸಲ ಗಟ್ಟಿಯಾಗಿ ಓದಿಸಿ. ಮೂರು, ನಾಲ್ಕು, ಮೂರು, ನಾಲ್ಕು ಮಾತ್ರೆಗಳ ನಡಿಗೆ ಕಿವಿಗೆ ಬಿದ್ದ ಮೇಲೆ ಗಣ ವಿಂಗಡಿಸುವುದು ಸುಲಭ. ಸಾರಾಂಶವನ್ನು ಬರೆಸುವ ಮೊದಲು ಬಾಯಲ್ಲಿ ಹೇಳಿಸಿ, ಮಗುವಿನದೇ ಮಾತಿನಲ್ಲಿ.

‘ನಾವು ಓದಿದವರಲ್ಲ, ಹೇಗೆ ಹೇಳಿಕೊಡೋದು?’ ಎನ್ನುವ ತಂದೆ ತಾಯಿಯರಿದ್ದಾರೆ. ಇಲ್ಲಿ ಹೇಳಿದ ಕೆಲಸಗಳಲ್ಲಿ ಹೆಚ್ಚಿನವಕ್ಕೆ ಡಿಗ್ರಿ ಬೇಡ. ‘ಇವತ್ತಿನ ಪಾಠ ಏನು, ನನಗೆ ಹೇಳು’ ಎಂದು ಕೂತು ಕೇಳಿಸಿಕೊಳ್ಳುವ ಅವ್ವ ಗೈಡಿಗಿಂತ ದೊಡ್ಡ ನೆರವು. ಮಗು ತಡವರಿಸಿದ ಕಡೆಯೇ ಅದಕ್ಕೆ ಅರ್ಥವಾಗದ ಕಡೆ.

ಆದರೆ ತಪ್ಪನ್ನೆಲ್ಲ ಮನೆಯ ಮೇಲೆ ಹೊರಿಸುವುದು ನ್ಯಾಯವಲ್ಲ. ಗೈಡಿನ ವಾಕ್ಯಕ್ಕೆ ಪೂರ್ತಿ ಅಂಕ, ಸ್ವಂತ ವಾಕ್ಯಕ್ಕೆ ಅಡ್ಡಗೆರೆ ಸಿಗುವ ತರಗತಿಯಲ್ಲಿ ಯಾವ ಮಗು ತಾನೇ ಯೋಚಿಸಿ ಬರೆದೀತು? ಶಿಕ್ಷಕರಲ್ಲಿ ಒಂದೇ ಕೋರಿಕೆ: ನಲವತ್ತು ಪುಸ್ತಕಗಳಲ್ಲಿ ಒಂದೇ ಉತ್ತರ ಕಂಡಾಗ ಸಹಿ ಹಾಕಬೇಡಿ. ಸೊಟ್ಟಗಿದ್ದರೂ ಮಗುವಿನದೇ ಆದ ವಾಕ್ಯಕ್ಕೆ ಒಂದು ಅಂಕ ಹೆಚ್ಚು ಕೊಡಿ.