ಗರ್ಭಿಣಿಯರೂ ಹಸಿಯ ಹಾಲೂ

ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿಗಳ ಸೀಮೆಯಲ್ಲಿ ಕುರಿ-ಮೇಕೆಗಳೆಂದರೆ ಬರಗಾಲದ ಗಂಟು. ಮಳೆ ಹೋದ ವರುಷ ಹೊಲ ಒಣಗಿದರೂ ಹಟ್ಟಿಯು ಸಂಸಾರವನ್ನು ಹಿಡಿದು ನಿಲ್ಲಿಸುವುದು. ಆ ಹಟ್ಟಿಯ ಮಗ್ಗುಲಲ್ಲಿಯೇ ಗರ್ಭಿಣಿಯರಿಗೆ ಒದಗಬಹುದಾದ ಅಪಾಯವೊಂದನ್ನು ಕುರಿತು ನಾವು ಇಂದು ಬರೆಯಬೇಕಾಗಿದೆ.

ಬಸುರಿಗೆ ನೊರೆಹಾಲು ಬಲಕಾರಿಯೆಂಬ ನಂಬಿಕೆಯು ನಮ್ಮ ಹಿರಿಯರಲ್ಲುಂಟು. ಪ್ರೀತಿಯಿಂದ ಹುಟ್ಟಿದ ನಂಬಿಕೆಯಾದುದರಿಂದ ಅದನ್ನು ನಾವು ಹಳಿಯಲೊಲ್ಲೆವು. ಆದರೆ ಕಾಯಿಸದ ಹಾಲಿನಲ್ಲಿ ಬ್ರೂಸೆಲ್ಲಾ ಎಂಬ ಸೂಕ್ಷ್ಮಾಣುವಿರಬಹುದು. 1887ರಲ್ಲಿ ಡೇವಿಡ್ ಬ್ರೂಸ್ ಎಂಬ ಸೇನಾವೈದ್ಯನು ಮಾಲ್ಟಾ ದ್ವೀಪದಲ್ಲಿ ಇದನ್ನು ಕಂಡುಹಿಡಿದನು. ಅಲ್ಲಿಯ ಜ್ವರಕ್ಕೆ ಮೇಕೆಯ ಹಾಲೇ ಮೂಲವೆಂಬುದು ಹೊರಬಿದ್ದುದು 1905ರಲ್ಲಿ. ಕುರಿ-ಮೇಕೆಗಳು ಕಂದು ಹಾಕುವಂತೆ ಮಾಡುವ ಈ ಜೀವಿಯೇ ಮನುಷ್ಯರಲ್ಲಿ ಬಿಟ್ಟು ಬಿಟ್ಟು ಬರುವ ಜ್ವರ, ಬೆವರು, ಕೀಲುನೋವುಗಳನ್ನು ತಂದು, ಗರ್ಭಿಣಿಯಲ್ಲಿ ಗರ್ಭಪಾತವನ್ನೂ ಉಂಟುಮಾಡಬಲ್ಲದು. ಹಾಲೊಂದೇ ಇದರ ದಾರಿಯಲ್ಲ. ಹಟ್ಟಿಯಲ್ಲಿ ಬಿದ್ದ ಕಂದನ್ನೂ ಮಾಸನ್ನೂ ಬರಿಗೈಯಿಂದ ಎತ್ತಿಹಾಕುವವಳು ಎಷ್ಟೋ ಮನೆಗಳಲ್ಲಿ ಸೊಸೆಯೇ ಅಲ್ಲವೆ?

ಪೇಟೆಯ ವಾಚಕರು ಇದು ಹಳ್ಳಿಯ ಮಾತೆಂದು ನಿಶ್ಚಿಂತರಾಗಬೇಕಾಗಿಲ್ಲ. ಲಿಸ್ಟೀರಿಯಾ ಎಂಬ ಇನ್ನೊಂದು ಸೂಕ್ಷ್ಮಾಣುವು ಫ್ರಿಜ್ಜಿನ ತಂಪಿನಲ್ಲಿಯೂ ಬೆಳೆಯುವುದು. ತಾಯಿಗೆ ಅಲ್ಪ ಜ್ವರ, ಮೈಕೈನೋವು, ಶಿಶುವಿಗಾದರೋ ಪ್ರಾಣಾಪಾಯ. 2017-18ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಸಿದ್ಧಪಡಿಸಿ ಮಾರಿದ ಮಾಂಸದಿಂದ ಸಾವಿರಕ್ಕೂ ಮಿಕ್ಕು ಜನರಿಗೆ ಇದು ತಗಲಿ, ಇನ್ನೂರಕ್ಕೂ ಹೆಚ್ಚು ಜನ ಮಡಿದರು. ರೋಗ ತಗಲಿದವರಲ್ಲಿ ನವಜಾತ ಶಿಶುಗಳು ಬಹಳ.

ಹಾಲನ್ನು ಉಕ್ಕಿಬರುವಂತೆ ಕಾಯಿಸಿದರೆ ಎರಡೂ ಸಾಯುವುವು. ಕಾಯಿಸಿದ ಹಾಲಿಗೆ ಹೆಪ್ಪಿಟ್ಟ ಮೊಸರನ್ನು ಬಸುರಿಯು ಧಾರಾಳವಾಗಿ ಉಣ್ಣಲಿ. ಬಯಕೆಯಾಗಿ ಕೇಳಿದ ಮಿರ್ಚಿಯು ಎಣ್ಣೆಯಿಂದ ಆಗತಾನೇ ಎದ್ದು ಬಂದುದಾದರೆ ನಮ್ಮ ತಕರಾರಿಲ್ಲ (ಖಾರದ ಮಾತು ಬೇರೆ). ಬೆಳಗಿನಿಂದ ತೆರೆದಿಟ್ಟ ಚಟ್ನಿಯನ್ನೂ ಹೆಚ್ಚಿಟ್ಟ ಹಣ್ಣನ್ನೂ ಬೇಡವೆನ್ನಿರಿ.

ಅಧಿಕಾರಿಗಳಿಗೂ ಒಂದು ಮಾತು. ಕೇಂದ್ರ ಸರಕಾರವು 2019ರಲ್ಲಿ ಆರಂಭಿಸಿದ ಪಶುರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಬ್ರೂಸೆಲ್ಲೋಸಿಸ್ ಲಸಿಕೆಯನ್ನು ಆಕಳು-ಎಮ್ಮೆಗಳ ಹೆಣ್ಣುಕರುಗಳಿಗೆ ಗೊತ್ತುಮಾಡಲಾಯಿತು; ನಮ್ಮ ಸೀಮೆಯ ಸಂಪತ್ತಾದ ಕುರಿ-ಮೇಕೆಗಳು ಅದರ ಹೊರಗುಳಿದುವು. ಅದನ್ನು ಸರಿಪಡಿಸುವುದು ದಿಲ್ಲಿಯ ಕೆಲಸವಾದರೆ, ಇಲ್ಲಿಯೇ ಆಗತಕ್ಕುದೂ ಉಂಟು. ಹಟ್ಟಿಯಲ್ಲಿ ಕುರಿಗಳು ಕಂದು ಹಾಕಿದ ಸುದ್ದಿ ಪಶುವೈದ್ಯರಿಗೆ ತಲುಪಿದ ದಿನವೇ ಆ ಊರಿನ ಆಶಾ ಕಾರ್ಯಕರ್ತೆಗೂ ತಲುಪಲಿ. ಜ್ವರವೆಂದು ಬಂದ ಗರ್ಭಿಣಿಯನ್ನು ಬರಿಯ ಜ್ವರದ ಗುಳಿಗೆ ಕೊಟ್ಟು ಕಳುಹಿಸದೆ, ಮನೆಯಲ್ಲಿ ಕುರಿಗಳುಂಟೆ, ಕುಡಿದುದು ಹಸಿಯ ಹಾಲೇ ಎಂದು ವೈದ್ಯರು ಕೇಳಿ ರಕ್ತ ಪರೀಕ್ಷಿಸಲಿ. ರೋಗ ಗೊತ್ತಾದರೆ ಬಸಿರಿನಲ್ಲಿಯೂ ಕೊಡಬಹುದಾದ ಔಷಧಗಳಿವೆ. 2021ರಲ್ಲಿ ಹೊಸದಾಗಿ ರಚಿತವಾದ ವಿಜಯನಗರ ಜಿಲ್ಲೆಯ ಎರಡು ಇಲಾಖೆಗಳು ಒಂದು ಮೇಜಿನ ಸುತ್ತ ಕುಳಿತು ಇಷ್ಟನ್ನು ಗೊತ್ತುಮಾಡಿಕೊಳ್ಳುವುದಕ್ಕೆ ಹೊಸ ಹಣವೇನೂ ಬೇಕಿಲ್ಲ.